ಬಾವಿಗೆ ಹೇಳಿದ ಹೆಸರು

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ ಕೂಡ್ರಿ... ಪೂರ್ತಿ ಹಾಕಬೇಡಿ, ಸೆಕೆ ಆಗುತ್ತದೆ. ಹಾಂ, ಈಗ ಕೇಳಿ. ಇದು ಎಲ್ಲೋ ಓದಿದ್ದಲ್ಲ. ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನಮ್ಮ ಹೊಲಕ್ಕೆ ಹತ್ತಿಕೊಂಡೇ ಮಡಿವಾಳಪ್ಪನ ಹೊಲ. ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡು ಇದ್ದಾನೆ, ನಾವು ಇದ್ದ ಹಾಗೆ. ಅವನ ಮಗಳು ಭುವನೇಶ್ವರಿ. ಆಕೆಗೆ ಆದದ್ದು ಇದು. ಹೋದ ಚಳಿಗಾಲದಲ್ಲಿ.

ಆ ರಾತ್ರಿ ಅಗರಖೇಡ ರಸ್ತೆಯ ಕ್ರಾಸಿನಲ್ಲಿ ಕ್ರೂಸರ್ ಗಾಡಿ ಆಕೆಯನ್ನು ಇಳಿಸಿ ಹೋಯಿತು. ಗುರ್ರ್... ಅಂತ ಸದ್ದು ದೂರವಾಗಿ, ಹಿಂದಿನ ಕೆಂಪು ದೀಪ ತಿರುವಿನಲ್ಲಿ ಕಾಣೆಯಾಯಿತು. ಕರೆದೊಯ್ಯಲು ಅಪ್ಪ ಬಂದಿರಲಿಲ್ಲ. ಫೋನು ಮಾಡಿದಳು, ಎತ್ತಲಿಲ್ಲ. ಆಕೆಗೆ ಅರ್ಥವಾಯಿತು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಕೊಡುವುದೇ ರಾತ್ರಿ. ಕರೆಂಟು ಬಂತೆಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದರೂ ಮಡಿವಾಳಪ್ಪ ನಿಂಬೆ ಗಿಡಕ್ಕೆ ನೀರು ಹಾಯಿಸುವುದು ಬಿಟ್ಟು ಬರುವವನಲ್ಲ. ದೂರದಿಂದ ಪಂಪಿನ ಸದ್ದು ಗುಂಯ್... ಅಂತ ಒಂದೇ ಸಮನೆ ಕೇಳುತ್ತಿತ್ತು.

ಪಿಟೀಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹುಡುಗಿ ಬಂಡಿ ಹಾದಿ ಹಿಡಿದಳು. ಆ ಹಾದಿ ನಿಮಗೆ ಗೊತ್ತಲ್ಲ... ನಡುವೆ ಹಾಳು ಬಾವಿ ಇದೆ. ಬಾವಿಯ ಮೇಲೆ ಬಗ್ಗಿದ ಆಲದ ಗಿಡ. ಹಗಲು ಹೊತ್ತಿನಲ್ಲಿ ಪಾರಿವಾಳ, ರಾತ್ರಿ ಏನೂ ಇಲ್ಲ.

ಹೆದರಿಕೆ ಇತ್ತೇ ಎಂದರೆ, ಇರಲಿಲ್ಲ. ಹೆದರಲಿಕ್ಕೆ ಮನಸ್ಸಿನಲ್ಲಿ ಜಾಗವಾದರೂ ಇರಬೇಕಲ್ಲ? ಆಕೆಯ ಮನಸ್ಸಿನ ತುಂಬ ಹೊಟ್ಟೆಕಿಚ್ಚು ತುಂಬಿತ್ತು. ನಾನು ಆಕೆಯ ಮೇಲೆ ತಪ್ಪು ಹೊರಿಸುತ್ತಿಲ್ಲ. ಆಮೇಲೆ ಆಕೆಯೇ ನನ್ನ ಹೆಂಡತಿಯ ಮುಂದೆ ಕೂತು, "ಕಾಕೂ, ಹೊಟ್ಟಿ ಉರದು ಉರದು ನನಗ ಕಾಲಾಗಿನ ಮುಳ್ಳೂ ಗೊತ್ತಾಗಲಿಲ್ರಿ" ಎಂದು ಹೇಳಿದ ಮಾತು.

ಯಾಕೆ ಹೊಟ್ಟೆಕಿಚ್ಚು ಎನ್ನುವುದನ್ನು ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಈ ತಾಲೂಕುಗಳ ಹುಡುಗ ಹುಡುಗಿಯರನ್ನು ಕೂಡಿಸಿ ಜೈನುದ್ದೀನ ಮಾಸ್ತರು ಒಂದು ವಾದ್ಯವೃಂದ ಕಟ್ಟಿದ್ದಾರೆ. ಆರ್ಕೆಸ್ಟ್ರಾ ಎಂದ ಕೂಡಲೇ ನಮ್ಮ ಜನ ಸಿನಿಮಾ ಹಾಡು, ಕುಣಿತ, ಬಣ್ಣದ ಲೈಟು ಅಂದುಕೊಳ್ಳುತ್ತಾರೆ. ಇದು ಅಂಥದ್ದಲ್ಲ. ಪಿಟೀಲು, ಕೊಳಲು, ಹಾರ್ಮೋನಿಯಂ, ತಬಲಾ, ಒಂದು ಕ್ಲಾರ್ನೆಟ್ಟು. ಎಲ್ಲ ಶಾಲೆ ಕಾಲೇಜಿನ ಮಕ್ಕಳು. ಸಂಕ್ರಾಂತಿ ಮುಗಿದು ಪರೀಕ್ಷೆ ಬರುವುದರೊಳಗೆ ಒಂದೊಂದು ತಾಲೂಕಿನಲ್ಲಿ ಒಂದೊಂದು ಕಾರ್ಯಕ್ರಮ. ಪ್ರತಿ ಕಾರ್ಯಕ್ರಮದ ನಡುವೆ ಎಲ್ಲ ವಾದ್ಯ ನಿಂತು, ತಬಲಾ ಮಾತ್ರ ಸಣ್ಣಗೆ ನಡೆಯುತ್ತಿರುವಾಗ ಒಬ್ಬರೇ ಎದ್ದು ನಿಂತು ಬಾರಿಸುತ್ತಾರೆ. ಅದಕ್ಕೆ ಸೋಲೋ ಅಂತಾರೆ. ಆ ಸೋಲೋ ಬಾರಿಸಿದವರ ಹೆಸರು ಮೈಕಿನಲ್ಲಿ ಹೇಳುತ್ತಾರೆ, ಉಳಿದವರದು ಹೇಳುವುದಿಲ್ಲ.

ಅದರ ಹಿಂದಿನ ವರ್ಷ ಎಲ್ಲ ಊರಿನಲ್ಲೂ ಸೋಲೋ ಭುವನೇಶ್ವರಿಯದೇ. ಹುಡುಗಿ ಹೆಸರು ಮಾಡಿದಳು ಅಂತ ಮಡಿವಾಳಪ್ಪ ನಮ್ಮ ಮನೆಗೆ ಪೇಢೆ ತಂದುಕೊಟ್ಟಿದ್ದ. ಆಕೆ ಬೆಳಗ್ಗೆ ಎದ್ದು ಸಾಧನೆ ಮಾಡುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. ಒಂದೇ ಸಾಲನ್ನು ಎಮ್ಮೆ ಹಿಂಡಿ ಮುಗಿಯುವ ತನಕ ಬಾರಿಸುತ್ತಿದ್ದಳು. ನನಗೇ ಬಾಯಿಪಾಠ ಆಗಿಹೋಗಿತ್ತು.

ಮರುವರ್ಷ ನಿಷತ ಬಂದಳು. ಝಳಕಿಯಲ್ಲಿ ಹೈವೇ ಮಗ್ಗುಲಿಗೆ ಟಾಯರ್ ಪಂಚರ್ ಅಂಗಡಿ ಇಟ್ಟಿರುವ ಬಾಬುಲಾಲನ ಮಗಳು. ಆಕೆಯೂ ಪಿಟೀಲೇ. ತಾಲೀಮಿಗೆ ತಡವಾಗಿ ಬರುವವಳು, ಕಮಾನಿಗೆ ತಿಕ್ಕುವ ರಾಳ ಮರೆತು ಬಂದು ಭುವನೇಶ್ವರಿಯದನ್ನೇ ಕೇಳಿ ಇಸಿದುಕೊಳ್ಳುವವಳು, ಮಾಸ್ತರು ಪಾಠ ಹೇಳುವಾಗ ಬಾಯಲ್ಲಿ ಶೇಂಗಾ. ಆದರೆ ಕಮಾನು ಎತ್ತಿದಳೆಂದರೆ... ಹೋಗಲಿ ಬಿಡಿ. ಒಮ್ಮೆ ಕೇಳಿದ್ದು ಆಕೆಯ ಕೈಯಲ್ಲಿ ಬಂದುಬಿಡುತ್ತಿತ್ತು. ಕಷ್ಟಪಟ್ಟು ಕಲಿತವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆ ವರ್ಷದ ಸೋಲೋ ಆಕೆಗೆ ಹೋಯಿತು.

ಆ ದಿನ ಇಂಡಿಯಲ್ಲಿ ಮೊದಲನೆಯ ಕಾರ್ಯಕ್ರಮ ಇತ್ತು. ನಿಷತ ಭೀಮಪಲಾಸ ರಾಗ ಬಾರಿಸಿದಳು. ಮುಗಿದ ಮೇಲೆ ಇಡೀ ಸಭೆ ಒಮ್ಮೆಲೇ ಎದ್ದು ಚಪ್ಪಾಳೆ ತಟ್ಟಿತಂತೆ. ಮಶಾಕಸಾಬ ಅಂತ ಒಬ್ಬ ಹಿರಿಯರು, ಹಳೆಯ ಸಂಗೀತದ ಹುಚ್ಚಿನವರು, ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದರು. ಕಣ್ಣು ಒದ್ದೆಯಾಗಿತ್ತು. "ಹೆಸರೇನವಾ ನಿಂದು?" ಎಂದು ಕೇಳಿದರು.

"ನಿಷತ ರೀ."

"ನಿಷತ..." ಎಂದು ತಮ್ಮಷ್ಟಕ್ಕೆ ತಾವೇ ಇನ್ನೊಮ್ಮೆ ಅಂದುಕೊಂಡು ಹೋದರು. ಮಗ್ಗುಲಲ್ಲೇ ನಿಂತಿದ್ದ ಭುವನೇಶ್ವರಿಯನ್ನು ಅವರು ನೋಡಲೂ ಇಲ್ಲ. ಆಕೆಯ ಹೆಸರನ್ನು ಆ ದಿನ ಯಾರೂ ಕೇಳಲಿಲ್ಲ.

ಹಾದಿ ಉದ್ದಕ್ಕೂ ಅದೇ ಕಿಚ್ಚು. ಪೆಟ್ಟಿಗೆಯ ಕೊಂಡಿ ಚಿಟ್... ಚಿಟ್... ಅನ್ನುತ್ತಿತ್ತು. ಕಾಲಡಿ ಒಣ ಎಲೆ ಚರ್ ಚರ್. ಬೇಡ ಬೇಡವೆಂದರೂ ನಿಷತ ಬಾರಿಸಿದ ಆ ಭೀಮಪಲಾಸವೇ ಗಂಟಲಿಗೆ ಬರುತ್ತಿತ್ತು. ಗುನುಗತೊಡಗಿದಳು. ಒಂದು ಕಡೆ ನಿಷತ ಒಂದು ತಿರುವು ತೆಗೆದುಕೊಂಡಿದ್ದಳು, ಅದು ಇವಳಿಗೆ ಹತ್ತಲಿಲ್ಲ. ಮತ್ತೆ ಹಿಂದಿನಿಂದ ಗುನುಗಿದಳು. ಮತ್ತೆ ಅಲ್ಲಿಗೇ ಬಂದು ಕಡಿಯಿತು.

ಆಗ...

ಮುಂದಿನ ತಿರುವು ಬಾವಿಯೊಳಗಿಂದ ಬಂತು.

ಹಾಡಿದ ಹಾಗಲ್ಲ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಎಳೆದ ಹಾಗೆ... ಮ್ಮ್ಮ್... ಅಂತ. ಸರಿಯಾಗಿ ಬಂತು. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಬಂದು, ಷಡ್ಜದ ಮೇಲೆ ನಿಂತಿತು. ಆ ಹೊತ್ತಿಗೆ ಪಂಪಿನ ಸದ್ದು ನಿಂತಿದ್ದು ಆಕೆಗೆ ಗೊತ್ತಾಯಿತು. ಕರೆಂಟು ಹೋಗಿತ್ತು.

ಕೆಳಗೆ ನೀರು... ಬುಳಕ್.

"ಚಂದ ಐತಿ..." ಎಂದಿತು ಒಂದು ದನಿ. ಪಿಸುಮಾತು. ಹೆಣ್ಣೋ ಗಂಡೋ ತಿಳಿಯದು. "ಹೆಸರೇನು?"

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಹೊಲದ ಮೇಲೆ ಇರುವ ನಮ್ಮಂಥವರಲ್ಲಿ ಒಂದು ಪದ್ಧತಿ ಇದೆ. ರಾತ್ರಿ ಹಾದಿಯಲ್ಲಿ ಕಾಣದವರು ಹೆಸರು ಕೇಳಿದರೆ ನಮ್ಮದು ಹೇಳಬಾರದು, ಹೇಳಿದವರನ್ನು ಅದು ಎಳೆದೊಯ್ಯುತ್ತದೆ. ಸುಮ್ಮನೆ ಹೋಗಲೂಬಾರದು, ಬೆನ್ನು ಹತ್ತುತ್ತದೆ. ಮಣ್ಣಿಗೆ ಹೋದವರ ಹೆಸರು ಹೇಳಬೇಕು. ಸತ್ತವರಿಗೆ ಇನ್ನು ಯಾರೂ ಏನೂ ಮಾಡುವಂತಿಲ್ಲ ನೋಡಿ. ಅದಕ್ಕೇ ಪ್ರತಿ ಮನೆಯವರೂ ಸತ್ತವರ ಒಂದು ಹೆಸರನ್ನು ತಯಾರಾಗಿ ಇಟ್ಟುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ನಮ್ಮ ದೊಡ್ಡಪ್ಪನದು. ಮಡಿವಾಳಪ್ಪನ ಮನೆಯಲ್ಲಿ ಅವನ ತಂದೆ ಸಂಗನಬಸಪ್ಪನದು. ಮಕ್ಕಳು ನಡೆಯಲು ಕಲಿತ ಕೂಡಲೇ ಇದನ್ನು ಕಲಿಸುತ್ತೇವೆ. ಭುವನೇಶ್ವರಿಗೆ ಆಕೆಯ ಅಜ್ಜಿ ಶಂಕ್ರೆವ್ವ ಕಲಿಸಿದ್ದಳು.

ಆದರೆ ಆ ಹೊತ್ತಿಗೆ ಆಕೆಯ ನಾಲಿಗೆಗೆ ಮೊದಲು ಬಂದದ್ದು ಆಕೆಯದೇ ಹೆಸರು. ಯಾಕೆಂದರೆ ಚಂದ ಐತಿ ಅಂದಿತ್ತಲ್ಲ? ದಿನವಿಡೀ ಕಾದ ಮಾತು ಅದು, ಕೊನೆಗೆ ಬಂದದ್ದು ಬಾವಿಯಿಂದ. ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮುತ್ಯಾನ, ಅಂದರೆ ಅಜ್ಜನ ಹೆಸರು ನೆನಪಿಗೆ ಬಂತು. ಸಂಗನಬಸಪ್ಪ ಎಂದು ಹೇಳಿ ನಡೆದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ನಾನು ಇವತ್ತು ಇಲ್ಲಿ ಕೂತು ಈ ಕತೆ ಹೇಳುತ್ತಿರಲಿಲ್ಲ.

"ಹೆಸರೇನು...?"

"ನಿಷತ," ಎಂದಳು. ಬಾಯಿ ತಪ್ಪಿ ಬಂದದ್ದಲ್ಲ. ಬೇಕಂತಲೇ ಹೇಳಿದ್ದು. "ಝಳಕಿ ನಿಷತ."

"ಹೂಂ..." ಎಂದಿತು ಬಾವಿ.

ಅಷ್ಟೇ. ಆಮೇಲೆ ಮನೆಯ ತನಕ ಹೇಗೆ ಬಂದಳೋ ಆಕೆಗೇ ಗೊತ್ತಿಲ್ಲ. ಚಪ್ಪಲಿ ಒಂದು ಮರುದಿನ ಬದುವಿನಲ್ಲಿ ನಮ್ಮವಳಿಗೆ ಸಿಕ್ಕಿತು. ಶಂಕ್ರೆವ್ವ ಹೊರಗೆ ಹೊರಸಿನ ಮೇಲೆ ಎದ್ದು ಕೂತಿದ್ದಳು. ಮೊಮ್ಮಗಳ ಮುಖ ನೋಡಿ, ಏನು ಎತ್ತ ಕೇಳಲಿಲ್ಲ. "ಯಾರ ಹೆಸರ ಹೇಳಿದಿ?" ಎಂದಳು.

"ಮುತ್ಯಾಂದು."

"ಹಂಗಾರ ಚಿಂತಿಲ್ಲ. ಕಾಲ ತೊಳಕೊಂಡು ಒಳಗ ಹೋಗು."

ಆ ರಾತ್ರಿ ಹುಡುಗಿಗೆ ಒಳ್ಳೆಯ ನಿದ್ದೆ ಬಂತು. ಇದನ್ನೂ ಆಕೆಯೇ ಹೇಳಿದ್ದು, ತಲೆ ತಗ್ಗಿಸಿಕೊಂಡು. ನಿಷತಳಿಗೆ ಏನಾದರೂ ಆಗುತ್ತದೆ ಎಂದು ಕಾಯುತ್ತ ಮಲಗಿದಳಂತೆ.

ಆಯಿತು ಕೂಡ. ಸಿಂದಗಿ ಕಾರ್ಯಕ್ರಮ ಹತ್ತಿರ ಬಂದಾಗ ನಿಷತ ಕೈಗೆ ಬಟ್ಟೆ ಕಟ್ಟಿಕೊಂಡು ತಾಲೀಮಿಗೆ ಬಂದಳು. ಅಂಗಡಿಯಲ್ಲಿ ಅಪ್ಪನಿಗೆ ನೆರವಾಗಲು ಹೋಗಿ ಟಾಯರ್ ಎತ್ತುವ ಸಬ್ಬಲಿನಡಿ ಎಡಗೈ ಬೆರಳು ಸಿಕ್ಕಿತ್ತು. ಬೆರಳು ಬದನೆಕಾಯಿ ಆಗಿತ್ತು. ತಂತಿ ಒತ್ತುವ ಹಾಗೇ ಇಲ್ಲ. ಜೈನುದ್ದೀನ ಮಾಸ್ತರು ತಲೆ ಮೇಲೆ ಕೈ ಇಟ್ಟುಕೊಂಡು ಕೂತರು, ಆಮೇಲೆ ಭುವನೇಶ್ವರಿಯ ಕಡೆ ತಿರುಗಿದರು.

"ನೀ ಬಾರಿಸ್ತಿ?"

"ಬಾರಿಸ್ತೇನ್ರಿ ಸರ್."

ನಿಷತಳಿಗೆ ತಂಬೂರಿ ಕೊಟ್ಟು ಹಿಂದೆ ಕೂಡಿಸಿದರು. ಭುವನೇಶ್ವರಿಗೆ ಕುಣಿದಾಡುವಷ್ಟು ಖುಷಿಯಾಯಿತು. ಮುಖದಲ್ಲಿ ಮಾತ್ರ ಅಯ್ಯೋ ಪಾಪ ಅನ್ನುವ ಹಾಗೆ ಇದ್ದಳು. ತನ್ನ ರಾಳದ ಡಬ್ಬಿಯನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡು, ಇನ್ನು ಇದನ್ನು ಯಾರಿಗೂ ಕೊಡುವ ಕೆಲಸ ಇಲ್ಲ ಅಂದುಕೊಂಡಳಂತೆ.

ಸಿಂದಗಿಯಲ್ಲಿ ಆಕೆ ಯಾವತ್ತೂ ಬಾರಿಸಿರದಷ್ಟು ಚಂದ ಬಾರಿಸಿದಳು. ಬಂಡಿ ಹಾದಿಯಲ್ಲಿ ಹತ್ತದೇ ಇದ್ದ ಆ ತಿರುವು ಸಲೀಸಾಗಿ ಬಂತು. ಜನ ಚಪ್ಪಾಳೆ ಹೊಡೆದರು. ನಿರೂಪಣೆ ಮಾಡುತ್ತಿದ್ದ ಸ್ಥಳೀಯರೊಬ್ಬರು ಮೈಕ್ ಹಿಡಿದು, "ಈಗ ನಿಮ್ಮನ್ನು ರಂಜಿಸಿದವರು ಕುಮಾರಿ ನಿಷತ, ಝಳಕಿ" ಎಂದರು.

ಅವರದೇನೂ ತಪ್ಪಿಲ್ಲ, ಮೊದಲು ಬರೆದುಕೊಟ್ಟ ಹೆಸರೇ ಉಳಿದಿರಬೇಕು ಅಂತ ಎಲ್ಲರೂ ನಕ್ಕರು. ಭುವನೇಶ್ವರಿ ನಗಲಿಲ್ಲ. ಬಾರಿಸಿದ್ದು ತಾನು, ಹೆಸರು ಆಕೆಯದು... ಹಿಂದೆ ತಂಬೂರಿ ಮೀಟುತ್ತ ಕೂತವಳದು. ಕೆಳಗಿಳಿದರೆ ಹೆಂಗಸರು ಬಂದು ಗಲ್ಲ ಸವರಿ "ನಿಷತವ್ವಾ, ಭಾಳ ಚಂದ ಬಾರಿಸಿದಿ" ಅಂದರು. "ನಾ ಭುವನೇಶ್ವರಿ ರೀ" ಎಂದಳು. "ಹೌದನವಾ?" ಎಂದು ಆಚೆ ಹೋದವರು, ಆಚೆ ನಿಂತವರಿಗೆ "ಆಕಿನ ನೋಡು, ನಿಷತ" ಎಂದು ಬೆರಳು ಮಾಡಿ ತೋರಿಸಿದರು.

ಮುದ್ದೇಬಿಹಾಳದಲ್ಲಿ ಹಾಗಾಗಬಾರದು ಎಂದು ಆಕೆ ಮೊದಲೇ ಗಟ್ಟಿ ಮಾಡಿಕೊಂಡಳು. ಹೊರಗಿನವರು ಬೇಡ, ಹೆಸರು ನೀವೇ ಹೇಳಬೇಕು ಎಂದು ಮಾಸ್ತರಿಗೆ ದುಂಬಾಲು ಬಿದ್ದಳು. ಜೈನುದ್ದೀನ ಮಾಸ್ತರು ಆಕೆಗೆ ಕಮಾನು ಹಿಡಿಯುವುದರಿಂದ ಕಲಿಸಿದವರು. ಲಂಗ ಜಂಪರಿನ ಕಾಲದಿಂದ ಬಲ್ಲವರು. ಸೋಲೋ ಮುಗಿಯಿತು. ಚಪ್ಪಾಳೆ ಇನ್ನೂ ನಡೆದಿತ್ತು. ಮಾಸ್ತರು ಮೈಕಿನ ಮುಂದೆ ಬಂದು, ಕೈ ಎತ್ತಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ನಮ್ಮ ಹುಡುಗಿ... ನಿ-ಷ-ತ."

ಒಳಗೆ ಬಂದ ಕೂಡಲೇ ಭುವನೇಶ್ವರಿ ಅವರ ಮುಂದೆ ನಿಂತಳು. "ಸರ್... ನನ್ನ ಹೆಸರ ಹೇಳ್ಲಿಲ್ರಿ ನೀವು."

"ಹೇಳಿದ್ನಲ್ಲ? ಚೊಲೋತ್ನಂಗ ಬಿಡಿಸಿ ಹೇಳೇನಿ."

ತಬಲಾ ಬಾರಿಸುವ ಶ್ರೀಶೈಲ ಅಲ್ಲೇ ಗವಸು ಹಾಕುತ್ತ ಕೂತಿದ್ದ. ಬಾಗೇವಾಡಿಯ ಹುಡುಗ, ಸುಳ್ಳು ಹೇಳುವವನಲ್ಲ. ಅವನು ತಲೆ ಎತ್ತಿದ. "ಇಲ್ರಿ ಸರ್. ನೀವು ನಿಷತ ಅಂದ್ರಿ. ನಾ ಕೇಳೇನಲ್ಲ."

"ನನಗೇನು ಹುಚ್ಚ ಹಿಡದೈತಿ?" ಮಾಸ್ತರಿಗೆ ಖರೇನೇ ಸಿಟ್ಟು ಬಂತು. "ಈಕಿ ಹೆಸರ ನಾ ಮರೀತೇನಿ?" ಎಂದು ಟೋಪಿ ಸರಿಮಾಡಿಕೊಂಡು ಹೊರಗೆ ಹೋದರು.

ಶ್ರೀಶೈಲ ಆಕೆಯ ಕಡೆ ನೋಡಿ ಸಮಾಧಾನ ಮಾಡುವ ದನಿಯಲ್ಲಿ, "ಹೋಗ್ಲಿ ಬಿಡು ನಿಷತ, ವಯಸ್ಸಾತು ಅವರಿಗೆ," ಎಂದ.

ಭುವನೇಶ್ವರಿ ಅವನ ಮುಖವನ್ನೇ ನೋಡಿದಳು. "ಈಗ ಏನಂದಿ?"

"ವಯಸ್ಸಾತು ಅಂದ್ನಿ."

"ಅದಕಿಂತ ಮದಲ."

"ಹೋಗ್ಲಿ ಬಿಡು ಅಂದೆ. ನಿನ್ನ ಹೆಸರ ಹಿಡದು ಕರದೆ. ಯಾಕ?"

ಅವನಿಗೆ ಗೊತ್ತೇ ಇಲ್ಲ. ಇದೇ ನೋಡಿ ಅದರ ಗುಟ್ಟು... ಕೇಳಿದವರಿಗೆ ಕೇಳುತ್ತದೆ, ಹೇಳಿದವರಿಗೆ ತಿಳಿಯುವುದಿಲ್ಲ. ಬಾಯಿ ನಿಷತ ಅನ್ನುತ್ತದೆ, ಮನಸ್ಸು ಭುವನೇಶ್ವರಿ ಅಂದೆ ಅಂದುಕೊಳ್ಳುತ್ತದೆ.

ಆಗ ಆಕೆ ಅಜ್ಜಿಗೆ ನಿಜ ಹೇಳಿದಳು. ಹಿತ್ತಲಲ್ಲಿ, ಹಗಲಲ್ಲೇ. ಶಂಕ್ರೆವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಬದುಕಿದ್ದಾಕಿ ಹೆಸರ ಹೇಳಿದಿ?"

"ಹೂಂ."

"ಯಾಕ?"

"ಆಕಿ ಮ್ಯಾಲೆ ಸಿಟ್ಟಿತ್ತು, ಆಯಿ."

ಮುದುಕಿ ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡಳು. ಆಮೇಲೆ ಮೆಲ್ಲಗೆ, "ಸತ್ತವರ ಹೆಸರ ಹೇಳಿದ್ರ ಅದು ಮಣ್ಣಾಗ ಹುಡುಕಾಡಿ ಸುಮ್ಮನಾಗತೈತಿ. ಬದುಕಿದವರದ ಹೇಳಿದ್ರ... ಅವರ ಕಡೆ ಯಾಕ ಹೋಗತೈತಿ? ಅದರ ಮುಂದ ನಿಂತಿದ್ದಾಕಿ ನೀನು. ಆ ಹೆಸರ ನಿನಗ ಹತ್ತತೈತಿ," ಎಂದಳು.

"ಬಿಡಿಸಾಕ ಬರೂದಿಲ್ಲನು?"

"ಬಾವಿಗೆ ಹೋಗಿ ನಿನ್ನ ಖರೇ ಹೆಸರ ಹೇಳಬೇಕು."

"ಹೇಳಿದ್ರ?"

ಶಂಕ್ರೆವ್ವ ಮೊರ ಮತ್ತೆ ಎತ್ತಿಕೊಂಡಳು. "ಹೇಳಬ್ಯಾಡ," ಎಂದಳು. ಅಷ್ಟೇ. ಅಲ್ಲಿಂದ ಮುಂದೆ ಆಕೆ ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. ನನ್ನವ್ವ, ಬಾಳಾ ಅಂತಲೇ ಕರೆಯುತ್ತಿದ್ದಳು. ಬಾಯಿಯಿಂದ ಏನು ಬರುತ್ತದೋ ಎಂಬ ಭಯ ಇದ್ದಿರಬೇಕು.

ಉಳಿದದ್ದು ಬಾಗೇವಾಡಿ. ಅದು ಹಂಗಾಮಿನ ಕೊನೆಯ ಕಾರ್ಯಕ್ರಮ. ಅಲ್ಲಿಗೆ ಎಲ್ಲ ಮಕ್ಕಳ ತಂದೆ ತಾಯಿ ಬರುತ್ತಾರೆ. ಹೋಗುವ ಗಾಡಿಯಲ್ಲಿ ಭುವನೇಶ್ವರಿ ನಿಷತಳ ಮಗ್ಗುಲಿಗೆ ಕೂತಳು. ತಡೆಯಲಿಕ್ಕಾಗದೆ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟಳು. ಬಾವಿ, ದನಿ, ತಾನು ಕೊಟ್ಟ ಹೆಸರು, ಎಲ್ಲ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದಳು. ನಿಷತ ಶೇಂಗಾ ಸುಲಿಯುತ್ತ ಕೇಳಿದಳು.

"ನನ್ನ ಹೆಸರ ಬರಾಕತ್ತೈತಿ ಅನ್ನೂದು ನನಗೂ ಗೊತ್ತೈತಿ," ಎಂದಳು ನಿಷತ. "ನಾನೂ ಕೇಳೇನಿ."

"ಗೊತ್ತಿದ್ದೂ ಸುಮ್ನ ಅದಿ?"

"ಬೆರಳ ಮುರಕೊಂಡು ಕುಂತೇನಿ. ಊರೂರಾಗ ನನ್ನ ಹೆಸರ ಹೇಳಾಕತ್ತಾರ. ಸಿಂದಗ್ಯಾಗಿನ ನಮ್ಮ ಅತ್ತಿ ಫೋನ್ ಮಾಡಿ, ಭಾಳ ಹೆಸರ ಮಾಡಿದಿ ಅಂದ್ಲು." ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ನನಗೇನು ಲುಕ್ಸಾನ ಐತಿ ಇದರಾಗ? ಹೋದ ವರ್ಷೆಲ್ಲ ನಿಂದನ ನಡದಿತ್ತಲ್ಲ. ಕೆಳಗ ಜನರಾಗ ಕುಂತು ಕೇಳಿ ನನಗೂ ಹೊಟ್ಟಿ ಉರೀತಿತ್ತು. ನಾ ಯಾವ ಬಾವಿಗೂ ಹೇಳಲಿಲ್ಲ."

ಭುವನೇಶ್ವರಿ ಕಿಡಕಿಯ ಕಡೆ ಮುಖ ತಿರುಗಿಸಿದಳು. ಕಾಲುವೆ, ತೊಗರಿ ಕಟಾವಾದ ಹೊಲ, ಮತ್ತೆ ಕಾಲುವೆ. ಹೊಟ್ಟೆಕಿಚ್ಚು ಕಡಿಮೆಯಾಗುವುದು ಹೋಗಲಿ, ಮೊದಲಿಗಿಂತ ಹೆಚ್ಚಾಯಿತು. ಕೈ ಎತ್ತದೆ ಕೂತವಳು ಹೆಸರು ಮಾಡುತ್ತಿದ್ದಾಳೆ, ಬೆರಳು ಸವೆಸಿದವಳು ಯಾರೂ ಅಲ್ಲ.

ಆದರೆ ಆಕೆಗೆ ಒಂದು ನಂಬಿಕೆ ಉಳಿದಿತ್ತು. ಅಪ್ಪ. ಮಡಿವಾಳಪ್ಪ ಮಗಳನ್ನು ಮನೆಯಲ್ಲಿ ತಂಗಿ ಅಂತ ಕರೆಯುತ್ತಾನೆ, ಹೆಸರು ಹಿಡಿದು ಕರೆಯುವುದೇ ಅಪರೂಪ. ನಾಲ್ಕು ಜನರ ನಡುವೆ ಹೆಮ್ಮೆಯಿಂದ ಹೇಳುವಾಗ ಮಾತ್ರ ಪೂರ್ತಿ ಹೆಸರು ಹೇಳುತ್ತಾನೆ. ಆ ಹೆಸರು ಇಟ್ಟವನೂ ಅವನೇ. ಇಡೀ ಊರು ಮರೆತರೂ ಇಟ್ಟವನ ಬಾಯಿಂದ ಬಂದೇ ಬರುತ್ತದೆ, ಬಂದರೆ ಕಳಚಿಕೊಳ್ಳುತ್ತದೆ ಎಂದು ಆಕೆ ಗಟ್ಟಿಯಾಗಿ ನಂಬಿದ್ದಳು. ಮನೆಯಲ್ಲೇ, ಅಪ್ಪಾ ನನ್ನ ಹೆಸರೇನು ಎಂದು ಕೇಳಿಬಿಡಬಹುದಿತ್ತು. ಕೇಳಲು ಧೈರ್ಯ ಸಾಲಲಿಲ್ಲ.

ಕಾರ್ಯಕ್ರಮಕ್ಕೆ ನಾನು ಮಡಿವಾಳಪ್ಪನ ಬೈಕಿನಲ್ಲೇ ಹೋಗಿದ್ದೆ. ಶುರುವಾಗುವ ಮೊದಲು ಹುಡುಗಿ ನನ್ನನ್ನು ಪರದೆಯ ಮಗ್ಗುಲಿಗೆ ಕರೆದಳು. ಎಲ್ಲ ಹೇಳಿದಳು. ನಿಮಗೆ ಈಗ ನಾನು ಹೇಳಿದ ಹಾಗೆ, ಆದರೆ ಪಿಸುಮಾತಿನಲ್ಲಿ, ಗಡಿಬಿಡಿಯಲ್ಲಿ.

"ಕಾಕಾ, ನೀವು ಅಪ್ಪನ ಮಗ್ಗಲಕ್ಕ ಕುಂಡ್ರಿ. ಅಪ್ಪ ಏನಂತಾನ, ಕಿವಿಗೊಟ್ಟು ಕೇಳ್ರಿ. ನಾ ನಿಮ್ಮ ಕಡೇನ ನೋಡ್ತಿರ್ತೇನಿ. ನನ್ನ ಹೆಸರ ಅಂದ್ರ... ಹೌದಂತ ತಲಿ ಹಾಕ್ರಿ, ಸಾಕು."

ನಾನು ನಗಲಿಲ್ಲ. ನಂಬಿದೆ ಅಂತಲೂ ಅಲ್ಲ. ಆಗಲಿ ತಂಗಿ ಎಂದು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಎಡಕ್ಕೆ ಮಡಿವಾಳಪ್ಪ, ಬಲಕ್ಕೆ ನಿಷತಳ ಅಪ್ಪ ಬಾಬುಲಾಲ. ಅವನು ಅಂಗಡಿಯಿಂದ ನೆಟ್ಟಗೆ ಬಂದಿದ್ದ, ಉಗುರಿನಲ್ಲಿ ಇನ್ನೂ ಗ್ರೀಸು.

ವಾದ್ಯಗಳೆಲ್ಲ ಶ್ರುತಿ ಕೂಡಿಸಿಕೊಂಡವು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಭೋಂ... ಅನ್ನುತ್ತಿತ್ತು. ಕಾರ್ಯಕ್ರಮ ನಡೆಯಿತು. ನಡುವೆ ಎಲ್ಲ ನಿಂತು, ತಬಲಾ ಧಿನ್... ಧಿನ್... ಎಂದು ಸಣ್ಣಗೆ ಉಳಿಯಿತು. ಹುಡುಗಿ ಎದ್ದಳು.

ನನಗೆ ಸಂಗೀತ ತಿಳಿಯದು. ಆದರೆ ಆ ದಿನ ಕಮಾನು ತಂತಿಯ ಮೇಲೆ ಬಿದ್ದಾಗ ನನ್ನ ಮೈ ಜುಮ್ಮೆಂದಿತು. ಆಕೆ ಬಾರಿಸುತ್ತಿರಲಿಲ್ಲ, ಏನನ್ನೋ ವಾಪಸು ಕೇಳುತ್ತಿದ್ದಳು. ಬೇಡುತ್ತಿದ್ದಳು ಅಂದರೂ ಸರಿ. ಹಿಂದೆ ತಂಬೂರಿ ಹಿಡಿದಿದ್ದ ನಿಷತ ಕೂಡ ಮೀಟುವುದನ್ನು ಮರೆತು ನೋಡುತ್ತ ಕೂತುಬಿಟ್ಟಳು. ಆಕೆಯ ಮುಖದ ಮೇಲಿನ ನಗೆ ಹೋಗಿತ್ತು. ಕೊನೆಯ ಸ್ವರ ಸಣ್ಣಗಾಗಿ, ಸಣ್ಣಗಾಗಿ... ಇತ್ತೋ ಇಲ್ಲವೋ ಅನ್ನುವ ಹಾಗೆ ನಿಂತಿತು.

ಚಪ್ಪಾಳೆಗೆ ತಗಡಿನ ಛಾವಣಿ ಅದುರಿತು. ಮಡಿವಾಳಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ.

"ನನ್ನ ಮಗಳ್ರಿ ಆಕಿ. ನಮ್ಮ ನಿಷತ."

ನನ್ನ ಕಿವಿಯಾರೆ ಕೇಳಿದೆ. ನನಗೂ ಅವನಿಗೂ ನಡುವೆ ಗೇಣಿನ ಅಂತರವೂ ಇರಲಿಲ್ಲ.

ನಾನು ಬಾಬುಲಾಲನ ಕಡೆ ತಿರುಗಿದೆ. ಅವನ ಮಗಳ ಹೆಸರಲ್ಲವೇ ಅದು? ಅವನಾದರೂ ಚಕಿತನಾಗಬೇಕಿತ್ತು. ಅವನು ಕೈ ಚಾಚಿ ಮಡಿವಾಳಪ್ಪನ ಕೈ ಹಿಡಿದು ಕುಲುಕಿದ. "ಭಾಳ ಹುಷಾರ್ ಅದಾಳ್ರಿ ನಿಮ್ಮ ನಿಷತ. ನಮ್ಮಾಕಿನೂ ಅದಾಳ, ಅಲ್ಲಿ ಹಿಂದ, ತಂಬೂರಿ ಹಿಡಕೊಂಡು," ಎಂದ. ಇಬ್ಬರೂ ನಕ್ಕರು. ಆ ಖುಷಿಯ ಗದ್ದಲದಲ್ಲಿ ಇಬ್ಬರಿಗೂ ಏನೂ ಅನ್ನಿಸಲಿಲ್ಲ.

ವೇದಿಕೆಯ ಮೇಲಿಂದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹೌದೆಂದು ತಲೆಯಾಡಿಸುತ್ತೇನೆ ಎಂದು ಕಾಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಏನೇ ಆಗಲಿ, ಒಬ್ಬರ ಬಾಯಿಂದಲಾದರೂ ಆಕೆ ಕೇಳಲಿ ಎಂದು ಎದ್ದು ನಿಂತೆ. ಇಡೀ ಸಭೆಗೆ ಕೇಳುವ ಹಾಗೆ ಆಕೆಯ ಹೆಸರು ಹಿಡಿದು ಕೂಗಿದೆ.

ಆಕೆ ನನ್ನ ತುಟಿಯನ್ನೇ ನೋಡುತ್ತಿದ್ದವಳು, ಕಣ್ಣು ಕೆಳಗೆ ಹಾಕಿದಳು. ಕಮಾನಿನ ತಿರುಪು ಸಡಿಲು ಮಾಡಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟಳು. ಇನ್ನೂ ಒಂದು ಹಾಡು ಬಾಕಿ ಇತ್ತು.

ಮಡಿವಾಳಪ್ಪ ನನ್ನ ಬೆನ್ನು ತಟ್ಟಿ, ಹೌದು ಹೌದು ಎಂದ. ಬಾಬುಲಾಲನೂ ಹೌದ್ರಿ ಎಂದ.

ನಾನು ಕೂಗಿದ್ದು ಭುವನೇಶ್ವರಿ ಅಂತಲೇ. ಇಷ್ಟು ಹೊತ್ತು ನಿಮ್ಮ ಮುಂದೆ ಹೇಳಿದ್ದೂ ಭುವನೇಶ್ವರಿ ಅಂತಲೇ... ಯಾಕೆ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ?